ಫೋನ್ ಎತ್ತಿದರೆ ಓಡುವ ಬೆಕ್ಕಿನ ಫೋಟೋ ತೆಗೆಯುವುದು ಹೇಗೆ?

ಬೆಕ್ಕು ಚೆಂದವಾಗಿ ಕೂತಿರುತ್ತದೆ. ನಾವು ಫೋನ್ ಎತ್ತಿದ ತಕ್ಷಣ ಮುಖ ತಿರುಗಿಸುತ್ತದೆ, ಇಲ್ಲಾ ಮಂಚದ ಕೆಳಗೆ ನುಗ್ಗುತ್ತದೆ. ನಿಮ್ಮಲ್ಲೂ ಹೀಗೇ ಅಲ್ವಾ?

ನಾನು ಮಾಡುತ್ತಿದ್ದ ದೊಡ್ಡ ತಪ್ಪು ಅಂದರೆ ಅದರ ಹಿಂದೆ ಹಿಂದೆ ಹೋಗುವುದು. ಈಗ ಅದು ದಿನಾ ಮಲಗುವ ಜಾಗದ ಹತ್ತಿರ ಫೋನನ್ನು ಸುಮ್ನೆ ಇಟ್ಟುಬಿಡುತ್ತೇನೆ. ತಾನೇ ಬಂದು ಮೂಸುತ್ತದೆ, ಅಂಚಿಗೆ ಕೆನ್ನೆ ಉಜ್ಜುತ್ತದೆ. ನಾಲ್ಕು ದಿನ ಹೀಗೆ ಮಾಡಿದರೆ ಫೋನಿನ ಭಯ ಎಷ್ಟೋ ಕಡಿಮೆಯಾಗುತ್ತದೆ.

ಫ್ಲ್ಯಾಷ್ ಬೇಡವೇ ಬೇಡ. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಕನ್ನಡಿಯಂತೆ ವಾಪಸ್ ಕಳಿಸುವ ಪದರ ಇದೆ. ಹಾಗಾಗಿ ಫೋಟೋದಲ್ಲಿ ಕಣ್ಣು ಹಸಿರು ಬಲ್ಬಿನಂತೆ ಹೊಳೆಯುತ್ತದೆ. ಬೆಕ್ಕು ಬೆಚ್ಚಿಬೀಳುವುದು ಬೇರೆ! ಕ್ಲಿಕ್ ಶಬ್ದವನ್ನೂ ಆಫ್ ಮಾಡಿ. ಕಿಟಕಿ ಪಕ್ಕದ ಹಗಲು ಬೆಳಕು ಸಾಕು, ಕಿಟಕಿ ಮಾತ್ರ ಬೆಕ್ಕಿನ ಹಿಂದೆ ಇರಬಾರದು. ಕ್ಯಾಮೆರಾ ಇದ್ದವರು ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, 1/250 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಇಡಿ. ಫೋನಾದರೆ ಬರ್ಸ್ಟ್ ಮೋಡಿನಲ್ಲಿ ಒಟ್ಟಿಗೆ ಹತ್ತಿಪ್ಪತ್ತು ತೆಗೆದು, ಒಂದನ್ನು ಆರಿಸಿಕೊಳ್ಳಿ. ಕಪ್ಪು ಬೆಕ್ಕಾದರೆ ಫೋಟೋದಲ್ಲಿ ಬೂದು ಬಣ್ಣಕ್ಕೆ ತಿರುಗುವುದುಂಟು. ಆಗ ಫೋನಿನ ಪರದೆ ಮೇಲೆ ಬೆಕ್ಕನ್ನು ಒತ್ತಿ, ಫೋಟೋದ ಬೆಳಕು ಸ್ವಲ್ಪ ಇಳಿಸಿ.

ನಿಂತು ತೆಗೆಯಬೇಡಿ. ನೆಲದ ಮೇಲೆ ಮಲಗಿ, ಅದರ ಕಣ್ಣಿನ ಮಟ್ಟಕ್ಕೆ ಬನ್ನಿ. ಬಟ್ಟೆಗೆ ಕೂದಲು ಅಂಟುತ್ತದೆ, ಏನು ಮಾಡುವುದು! ದಿಟ್ಟಿಸಿ ನೋಡದೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಎಷ್ಟೋ ಸಲ ಬೆಕ್ಕೂ ಹಾಗೇ ಮಾಡುತ್ತದೆ.

ಕಿವಿ ಹಿಂದಕ್ಕೆ ಮಡಚಿ ಬಾಲ ಬಡಿಯತೊಡಗಿದರೆ ಮಾತ್ರ ಫೋನ್ ಕೆಳಗಿಡಿ. ಅವತ್ತಿಗೆ ಅಷ್ಟೇ.