ಮೂಳೆಗೆ ಮಂಗರವಳ್ಳಿ: ಕುಂಡದಲ್ಲಿ ಬೆಳೆಸಿ, ಚಟ್ನಿ ಮಾಡಿ

ಬೆಂಗಳೂರಿನ ಎಷ್ಟೋ ಮನೆಗಳ ಬಾಲ್ಕನಿ ಗ್ರಿಲ್‌ಗೆ ಹಬ್ಬಿರುವ, ನಾಲ್ಕು ಏಣಿನ ಗಂಟು ಗಂಟು ಬಳ್ಳಿಯೇ ಮಂಗರವಳ್ಳಿ. ಮೂಳೆ ಮುರಿದರೆ ಇದನ್ನು ಅರೆದು ಕಟ್ಟುವುದು ಹಳೆಯ ನಾಟಿ ಪದ್ಧತಿ. ನಮ್ಮ ಉಡುಪಿ ಕಡೆಯ ಡಾ. ಕೆ.ಎನ್. ಉಡುಪ ಬನಾರಸ್‌ನಲ್ಲಿದ್ದಾಗ ಇದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ಈ ಬಳ್ಳಿ ಕೊಟ್ಟಾಗ ಮುರಿದ ಮೂಳೆ ಬೇಗ ಕೂಡಿತು ಅಂತ 1964ರಲ್ಲೇ ಪ್ರಕಟಿಸಿದರು. ಆಮೇಲೆ ಲ್ಯಾಬ್‌ಗಳಲ್ಲಿ, ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳಿಗೆ ಇದರ ಸಾರ ಹಾಕಿದಾಗ ಅವು ಚುರುಕಾಗಿದ್ದೂ ಕಂಡಿದೆ. ಕ್ವೆರ್ಸೆಟಿನ್‌ನಂಥ ಫ್ಲೇವನಾಯ್ಡ್‌ಗಳು, ಸ್ಟೆರಾಲ್‌ಗಳು ಅನ್ನುವ ಸಸ್ಯ ರಾಸಾಯನಿಕಗಳು ಇದರಲ್ಲಿವೆ.

ಆದರೆ ಲ್ಯಾಬ್ ತಟ್ಟೆಯಲ್ಲಿ ಕೋಶ ಬೆಳೆಯುವುದೇ ಬೇರೆ, ನಮ್ಮ ಸೊಂಟದ ಮೂಳೆ ಗಟ್ಟಿಯಾಗುವುದೇ ಬೇರೆ. ಮನುಷ್ಯರ ಮೇಲೆ ನಡೆದ ಅಧ್ಯಯನಗಳು ಸಣ್ಣವು. ಹಾಗಾಗಿ ಇದನ್ನು ಔಷಧಿ ಅಂತ ಅಲ್ಲ, ಅಡುಗೆ ಅಂತ ಮನೆಗೆ ತನ್ನಿ.

ಮೊದಲು ಕಡ್ಡಿ ಬೇಕು. ನರ್ಸರಿಯಲ್ಲೋ ಪಕ್ಕದ ಮನೆಯಲ್ಲೋ ಕೇಳಿ. ಮುರಿದಾಗ ಬಿಳಿ ಹಾಲು ಬಂದರೆ ಅದು ಕಳ್ಳಿ, ಮುಟ್ಟಬೇಡಿ. ಎರಡು ಮೂರು ಗಂಟಿರುವ ತುಂಡನ್ನು ನೆರಳಲ್ಲಿ ಎರಡು ದಿನ ಒಣಗಲು ಬಿಡಿ. ಕೆಮ್ಮಣ್ಣಿಗೆ ಮರಳು ಬೆರೆಸಿ, ಕೆಳಗಿನ ಗಂಟು ಮುಚ್ಚುವಂತೆ ನೆಡಿ. ಬಿಸಿಲು ಬೇಕು, ನೀರು ಕಮ್ಮಿ ಸಾಕು. ನಮ್ಮ ಮಳೆಗೆ ನೀರು ನಿಂತರೆ ಬೇಗ ಕೊಳೆಯುತ್ತದೆ, ಕುಂಡದ ತೂತು ನೋಡಿಕೊಳ್ಳಿ.

ಈಗ ಚಟ್ನಿ. ಕೈಗೆ ಎಳ್ಳೆಣ್ಣೆ ಹಚ್ಚಿಕೊಳ್ಳದೆ ಮುಟ್ಟಲೇಬೇಡಿ. ಕಾಂಡದಲ್ಲಿ ಆಕ್ಸಲೇಟ್ ಹರಳುಗಳಿರುವುದರಿಂದ ವಿಪರೀತ ತುರಿಕೆ. ತುದಿಯ ಎಳೆ ತುಂಡುಗಳನ್ನೇ ಆರಿಸಿ. ಗಂಟು ಕತ್ತರಿಸಿ ತೆಗೆದು, ನಾಲ್ಕೂ ಏಣಿನ ನಾರನ್ನು ಚಾಕುವಿನಿಂದ ಎಳೆಯಿರಿ. ಸಣ್ಣಗೆ ಹೆಚ್ಚಿ, ಜಾಸ್ತಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿ, ತುಂಡುಗಳು ಮುದುಡಿಕೊಳ್ಳಬೇಕು. ಅವಸರ ಮಾಡಿದರೆ ಗಂಟಲು ಕೆರೆಯುವುದು ಗ್ಯಾರಂಟಿ. ಇನ್ನೊಂದು ಬಾಣಲೆಯಲ್ಲಿ ಉದ್ದಿನಬೇಳೆ, ಒಣಮೆಣಸಿನಕಾಯಿ ಹುರಿದು, ಹುಣಸೆಹಣ್ಣು, ತೆಂಗಿನತುರಿ, ಉಪ್ಪಿನ ಜೊತೆ ಎಲ್ಲ ರುಬ್ಬಿ. ಹುಣಸೆ ಧಾರಾಳವಾಗಿರಲಿ, ಕೆರೆತ ತಗ್ಗಿಸುವುದು ಅದೇ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಹಾಕಿ. ಬಿಸಿ ಅನ್ನ, ತುಪ್ಪದ ಜೊತೆ ತುಂಬಾ ಚೆನ್ನ.

ವಾರಕ್ಕೊಮ್ಮೆ ಒಂದು ಚಮಚ ಸಾಕು. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಬರುವುದು ಮುದ್ದೆಯಿಂದಲೇ ಜಾಸ್ತಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಕಿಡ್ನಿ ಕಲ್ಲು ಇರುವವರು, ಗರ್ಭಿಣಿಯರು, ಶುಗರ್ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಇದರ ಪುಡಿ, ಕ್ಯಾಪ್ಸೂಲ್‌ಗಳನ್ನು ಸುಮ್ನೆ ಆನ್‌ಲೈನ್‌ನಲ್ಲಿ ತರಿಸಿ ನುಂಗಬೇಡಿ. ಬಿದ್ದು ಮೂಳೆ ಮುರಿದಿದ್ದರೆ ಎಕ್ಸ್‌ರೇ, ಪ್ಲಾಸ್ಟರ್ ಮೊದಲು.