ಮಾಂತ್ರಿಕನ ವ್ರತಕ್ಕೆ ಬೆಲೆ ಕಟ್ಟುವುದು ಹೇಗೆ?

ಕಕ್ಕಡ ತಿಂಗಳ ಮಳೆ ಹಿಡಿದು ಶಾಲೆಗಳಿಗೆ ರಜೆ ಸಾರಿ, ಕರೆಂಟು ಹೋಗಿ ಎರಡು ದಿನವಾಗಿ, ಮೊಬೈಲುಗಳೂ ಒಂದೊಂದಾಗಿ ಕಣ್ಣು ಮುಚ್ಚಿದ ಮೇಲೆ ಮಡಿಕೇರಿಯ ಮನೆಗಳಲ್ಲಿ ಸಂಜೆ ಕಳೆಯುವುದು ಸುಲಭವಲ್ಲ. ನಮ್ಮ ಮನೆಯಲ್ಲಿ ಅಂಥ ಸಂಜೆಗಳಿಗೆಂದೇ ರೋಲ್‌ಪ್ಲೇಯಿಂಗ್ ಆಟವೊಂದನ್ನು ಇಟ್ಟುಕೊಂಡಿದ್ದೇವೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಸಂದೇಹ ಬಂದಲ್ಲಿ ದಾಳ ತೀರ್ಮಾನ ಹೇಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂದಂದಿನಿಂದ ಬೆಳೆದ ಆಟದ ಬಗೆ ಇದು. ಅದರ 2014ರ ಆವೃತ್ತಿಯಲ್ಲಿ ಪ್ಯಾಲಡಿನ್ ಎಂಬ ಯೋಧನು ಮೂರನೆಯ ಹಂತದಲ್ಲಿ ಒಂದು ಪ್ರತಿಜ್ಞೆ ತೊಡುತ್ತಾನೆ ಮತ್ತು ಅದರಿಂದ ವಿಶೇಷ ಶಕ್ತಿಗಳನ್ನು ಪಡೆಯುತ್ತಾನೆ. ಇದೇ ಸೌಲಭ್ಯವನ್ನು ಮಾಂತ್ರಿಕನಿಗೂ ಕೊಡಬೇಕೆಂದಿರುವವರು ಸ್ವಂತ ನಿಯಮ ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಹರಕೆಯನ್ನೂ ವ್ರತವನ್ನೂ ಬೇರ್ಪಡಿಸಿಕೊಳ್ಳಬೇಕು. ಮಗುವಿನ ಜ್ವರ ಇಳಿದರೆ ತುಲಾಭಾರ ಮಾಡಿಸುತ್ತೇನೆ ಎನ್ನುವುದು ಹರಕೆ. ಅಲ್ಲಿ ಫಲ ಮೊದಲು, ಸಲ್ಲಿಕೆ ಆಮೇಲೆ. ವ್ರತದಲ್ಲಿ ಬಿಡುವುದು ಮೊದಲು, ಪಡೆಯುವುದು ಆಮೇಲೆ. ಭೀಷ್ಮನು ರಾಜ್ಯವನ್ನೂ ಮದುವೆಯನ್ನೂ ಬಿಟ್ಟ ನಂತರವೇ ಶಂತನುವಿನಿಂದ ಇಚ್ಛಾಮರಣದ ವರ ಪಡೆದದ್ದು. ಆಟದಲ್ಲಿ ಹರಕೆಗೂ ಜಾಗವುಂಟು, ಆದರೆ ಅದರ ಲೆಕ್ಕ ಸಾಲದ ಲೆಕ್ಕ. ಎರಡನ್ನೂ ಒಂದೇ ನಿಯಮದಲ್ಲಿ ತುರುಕಿದರೆ ಯಾರು ಯಾರಿಗೆ ಏನು ಕೊಡಬೇಕೆಂಬುದೇ ತಿಳಿಯದಂತಾಗುತ್ತದೆ.

ಎರಡನೆಯ ಹೆಜ್ಜೆ ವ್ರತದ ಬೆಲೆ ನಿಗದಿಪಡಿಸುವುದು. ಹೆಚ್ಚಿನ ತಂಡಗಳು ಎಡವುವುದು ಇಲ್ಲಿಯೇ, ನಾವೂ ಎಡವಿದ್ದೇವೆ. ನಮ್ಮ ಕಥೆ ಪೂರ್ತಿ ಪಶ್ಚಿಮ ಘಟ್ಟದಂಥ ಕಾಡುಬೆಟ್ಟಗಳ ನಡುವೆ ಸಾಗುತ್ತಿದ್ದಾಗ, ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ತಂಗಿಯ ಮಗ, ತನ್ನ ಮಾಂತ್ರಿಕನು ಎಂದೆಂದಿಗೂ ಸಮುದ್ರ ದಾಟುವುದಿಲ್ಲವೆಂದು ಬಹಳ ಗಂಭೀರವಾಗಿ ಪ್ರತಿಜ್ಞೆ ಮಾಡಿ ದೊಡ್ಡ ಶಕ್ತಿಯನ್ನೇ ಬಾಚಿಕೊಂಡ. ವ್ರತ ಕೇಳಲು ಭವ್ಯವಾಗಿತ್ತು. ಆದರೆ ನಾಲ್ಕು ತಿಂಗಳ ಆಟದಲ್ಲಿ ಯಾರೂ ಅವನನ್ನು ಹಡಗು ಹತ್ತೆಂದು ಕರೆಯಲಿಲ್ಲ. ಮೀನು ಮುಟ್ಟದವನು ಮೀನು ಬಿಟ್ಟ ಹಾಗೆ! ಅಂದಿನಿಂದ ನಾನು ಯಾವ ವ್ರತಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಹಿಂದಿನ ಮೂರು ಸಂಜೆಗಳ ಆಟದಲ್ಲಿ ಈ ವ್ರತ ಎಷ್ಟು ಬಾರಿ ಪಾತ್ರದ ಕೈ ಕಟ್ಟುತ್ತಿತ್ತು? ಒಮ್ಮೆಯೂ ಇಲ್ಲವಾದರೆ ಶಕ್ತಿಯೂ ಇಲ್ಲ. ಮೂರರಲ್ಲಿ ಒಂದು ಸಂಜೆ ಎಂದಾದರೆ ಮಂತ್ರ ಹಾಕುವಾಗ ದಾಳದ ಮೊತ್ತಕ್ಕೆ ಒಂದು ಕೂಡಿಸಿಕೊಳ್ಳಲಿ. ಪ್ರತಿ ಸಂಜೆಯೂ ಅಡ್ಡ ಬರುವಂತಿದ್ದರೆ ಎರಡು. ಹೆಜ್ಜೆ ಹೆಜ್ಜೆಗೂ ಕಾಡುವಂತಿದ್ದರೆ ಮೂರು.

ಒಂದು, ಎರಡು, ಮೂರು ಎಂದರೆ ಅಲ್ಪವೆಂದು ತೋರಬಹುದು. ಲೂಡೋ ಪೆಟ್ಟಿಗೆಯಲ್ಲಿ ಸಿಗುವಂಥ ಆರು ಮುಖದ ಎರಡು ದಾಳಗಳನ್ನು ಉರುಳಿಸಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಂತ್ರ ಫಲಿಸಿತೆಂದು ಇಟ್ಟುಕೊಳ್ಳಿ. ಎರಡು ದಾಳ ಬೀಳುವ 36 ಬಗೆಗಳಲ್ಲಿ ಎಂಟಕ್ಕೆ ಮುಟ್ಟುವವು 15 ಮಾತ್ರ, ಅಂದರೆ ಶೇಕಡ 42ರಷ್ಟು. ಒಂದು ಕೂಡಿಸಿದರೆ 21 ಬಗೆಗಳು ಫಲಿಸುತ್ತವೆ, ಎರಡು ಕೂಡಿಸಿದರೆ 26, ಮೂರಕ್ಕೆ 30. ಶೇಕಡ 42 ಇದ್ದದ್ದು 83ಕ್ಕೆ ಏರಿತು. ಆದ್ದರಿಂದ ಮೂರಕ್ಕಿಂತ ಮೇಲೆ ಹೋಗಬಾರದು. ಹೋದರೆ ದಾಳ ಉರುಳಿಸುವುದು ಬರೀ ಶಾಸ್ತ್ರವಾಗುತ್ತದೆ.

ಬೆಲೆಯನ್ನು ಒಮ್ಮೆ ಕಟ್ಟಿ ಬಿಟ್ಟುಬಿಡುವಂತಿಲ್ಲ, ಏಕೆಂದರೆ ಕಾಲ ಬದಲಾದಂತೆ ವ್ರತದ ಭಾರವೂ ಬದಲಾಗುತ್ತದೆ. ನಮ್ಮ ಮೇಜಿನಲ್ಲಿ ಈಗ ಆಡುತ್ತಿರುವ ಒಬ್ಬ ಮಾಂತ್ರಿಕಳು ಮಳೆಗೆ ತಲೆ ಮುಚ್ಚುವುದಿಲ್ಲವೆಂಬ ವ್ರತ ತೊಟ್ಟಿದ್ದಾಳೆ. ಕೊಡೆ, ಗೊರಗ, ಸೂರು ಯಾವುದೂ ಅವಳಿಗಿಲ್ಲ. ಕಥೆಯಲ್ಲಿ ಮಳೆಗಾಲವಿದ್ದಾಗ ಆಕೆ ರಾತ್ರಿ ಮಲಗುವುದೇ ಕಷ್ಟ, ಓಲೆಗಳು ಒದ್ದೆಯಾಗುತ್ತವೆ, ಚಳಿ ಜ್ವರ ಬರುತ್ತದೆ, ಆಗ ಮೂರು. ಮಾರ್ಚ್ ತಿಂಗಳಿನಂಥ ಬಿಸಿಲಿಗೆ ಅವಳ ವ್ರತಕ್ಕೆ ಸೊನ್ನೆ. ಬೇಸಿಗೆಯಲ್ಲಿ ಶಕ್ತಿಯಿಲ್ಲದೆ ತಿರುಗುವ ಆ ಪಾತ್ರ, ನನ್ನ ಅಭಿಪ್ರಾಯದಲ್ಲಿ, ನಮ್ಮ ಆಟದಲ್ಲಿ ಇದುವರೆಗೆ ಹುಟ್ಟಿದ ಅತ್ಯುತ್ತಮ ಪಾತ್ರ.

ಮುಂದಿನದು ಮಾತುಗಳನ್ನು ಬಿಗಿಮಾಡುವ ಕೆಲಸ. ವ್ರತವನ್ನು ಒಂದೇ ವಾಕ್ಯದಲ್ಲಿ ಬರೆದು, ಆ ವಾಕ್ಯದ ಪ್ರತಿ ಪದವನ್ನೂ ಮೇಜಿನವರೆಲ್ಲ ಕೆದಕಬೇಕು. ಮರ ಕಡಿಯುವುದಿಲ್ಲ ಎಂದು ಒಬ್ಬರು ಬರೆದಾಗ ಕಾಫಿ ತೋಟದ ಮನೆಯಿಂದ ಬಂದ ಇನ್ನೊಬ್ಬರು, ಹಾಗಾದರೆ ಮರಗಸಿ ಮಾಡಬಹುದೋ ಬಾರದೋ ಎಂದು ಕೇಳಿದರು. ನೆರಳು ತೆಗೆಯಲು ಕೊಂಬೆ ಸವರುವುದು ಕಡಿತವೇ, ಗಾಳಿಗೆ ಬಿದ್ದ ಸಿಲ್ವರ್ ಓಕನ್ನು ಸೌದೆಗೆ ತುಂಡರಿಸಿದರೆ ಹೇಗೆ, ಬೇರೆಯವರು ಕಡಿದ ಮರದ ಮಂಚದಲ್ಲಿ ಮಲಗಬಹುದೇ ಎಂದು ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಉಳಿದ ವಾಕ್ಯ ಹೀಗಿತ್ತು: ಬೇರು ನೆಲದಲ್ಲಿರುವ ಯಾವ ಮರಕ್ಕೂ ನಾನು ಲೋಹ ತಾಗಿಸುವುದಿಲ್ಲ, ತಾಗಿಸಲು ಇನ್ನೊಬ್ಬರಿಗೆ ಹೇಳುವುದೂ ಇಲ್ಲ. 1,200ಕ್ಕೂ ಹೆಚ್ಚು ದೇವರಕಾಡುಗಳಿರುವ ಜಿಲ್ಲೆಯವರಿಗೆ ಇಂಥ ಕಟ್ಟುಪಾಡಿನ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟಾದರೂ ಒಂದು ಸಂದು ಉಳಿದೀತು, ಉಳಿಯಲಿ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರ ತಲೆ ತೆಗೆಯುವೆನೆಂದು ಅರ್ಜುನ ಶಪಥ ಮಾಡಿದ್ದ. ಆ ಮಾತನ್ನು ಧರ್ಮರಾಯನೇ ಆಡಿಬಿಟ್ಟಾಗ, ಹಿರಿಯರನ್ನು ನಿಂದಿಸುವುದು ಕೊಂದುದಕ್ಕೆ ಸಮವೆಂದು ಕೃಷ್ಣ ದಾರಿ ತೋರಿಸಿದ. ಆಟಗಾರರು ಇಂಥ ಉಪಾಯ ಹೂಡಿದರೆ ಒಪ್ಪಿಕೊಳ್ಳಿ, ಆದರೆ ಒಂದು ವ್ರತಕ್ಕೆ ಒಂದೇ ಸಲ.

ನಿಜವಾದ ದೇವರ ಹೆಸರಿನಲ್ಲಿ ಮಾತ್ರ ವ್ರತ ಹಿಡಿಸಬೇಡಿ. ಪಕ್ಕದ ಕೋಣೆಯಲ್ಲಿ ದೀಪ ಹಚ್ಚಿ ಕೈಮುಗಿಯುತ್ತಿರುವ ಅಜ್ಜಿಯ ದೇವರು ನಮ್ಮ ದಾಳಕ್ಕೆ ಸಿಗುವುದು ಸರಿಯಲ್ಲ. ಕಲ್ಪಿತ ಬೆಟ್ಟ, ಕಲ್ಪಿತ ಹೊಳೆ ಬೇಕಾದಷ್ಟಿವೆ.

ವ್ರತಕ್ಕೆ ಅವಧಿಯನ್ನೂ ಸೂಚಿಸಬೇಕು. ಗದ್ದೆ ಕೆಲಸದ ದಿನಗಳಲ್ಲಿ ಬದಿಗಿಟ್ಟ ಕೋವಿಯನ್ನು ಕೈಲ್ ಮುಹೂರ್ತದಂದು ಪೂಜಿಸಿ ಮತ್ತೆ ಕೈಗೆ ತೆಗೆದುಕೊಳ್ಳುವ ಕೊಡಗಿನ ರೂಢಿಯಂತೆ, ಆರಂಭವೂ ಮುಕ್ತಾಯವೂ ಗೊತ್ತಿರುವ ವ್ರತ ಹೊಸಬರಿಗೆ ಒಳ್ಳೆಯದು. ಆಜೀವ ವ್ರತವನ್ನು ಆರೇಳು ಸಂಜೆ ಆಡಿದವರಿಗಷ್ಟೇ ಕೊಡಿ.

ಕೊನೆಯದು ವ್ರತಭಂಗ. ಇದರ ದಂಡವನ್ನು ಮುರಿದ ಮೇಲೆ ಯೋಚಿಸಿದರೆ ಜಗಳ ಖಂಡಿತ, ಆದ್ದರಿಂದ ವ್ರತ ತೊಡುವ ದಿನವೇ ಬರೆದಿಡಬೇಕು. ತಿಳಿಯದೆ ಮುರಿದರೆ ಆ ಸಂಜೆಯ ಮಟ್ಟಿಗೆ ಶಕ್ತಿ ಹೋಗಲಿ. ತಿಳಿದೂ ಮುರಿದರೆ ಕೂಡಿಸುತ್ತಿದ್ದಷ್ಟನ್ನೇ ಮುಂದಿನ ಮೂರು ಸಂಜೆ ಕಳೆಯುತ್ತ ಹೋಗಲಿ. ಮೂರು ಕೂಡಿಸುತ್ತಿದ್ದ ಮಾಂತ್ರಿಕನಿಗೆ ಈಗ ದಾಳದಲ್ಲಿ ಹನ್ನೊಂದು ಅಥವಾ ಹನ್ನೆರಡು ಬಂದರೆ ಮಾತ್ರ ಮಂತ್ರ ಫಲಿಸುತ್ತದೆ, ಅಂಥ ಬಗೆಗಳು 36ರಲ್ಲಿ ಮೂರೇ. ಗೆಳೆಯನ ಜೀವ ಉಳಿಸಲೆಂದು ಮುರಿದವಳಿಗೆ ವಿನಾಯಿತಿ ಬೇಕೆಂದು ನಮ್ಮಲ್ಲಿ ಒತ್ತಾಯ ಬಂದಿತ್ತು. ನಾನು ಕೊಡಲಿಲ್ಲ. ಮುರಿಯುವ ಮುನ್ನ ಆ ಆಟಗಾರ್ತಿ ದಾಳಗಳನ್ನು ಅಂಗೈಯಲ್ಲಿಟ್ಟುಕೊಂಡು ಮೇಣದಬತ್ತಿಯನ್ನೇ ನೋಡುತ್ತ ತುಂಬ ಹೊತ್ತು ಸುಮ್ಮನೆ ಕುಳಿತಿದ್ದಳು. ದಂಡವಿಲ್ಲವೆಂದು ಮೊದಲೇ ಗೊತ್ತಿದ್ದರೆ ಹಾಗೆ ಕುಳಿತಿರುತ್ತಿರಲಿಲ್ಲ.