ಮೋಟರ್ ವೈಂಡಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತರುವುದು ಹೇಗೆ

ತಿಪಟೂರಿನಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವುದು. ಹನ್ನೆರಡು ವರ್ಷವಾಯಿತು. ಸುತ್ತಲ ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಮೋಟರ್ ಸುಟ್ಟರೆ ನಮ್ಮಂಥವರ ಬಾಗಿಲಿಗೆ ಬರುತ್ತದೆ. ಸೋದರಮಾವನ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ್ದವಳು ನಾನು. ಒಂದು ಬೇಸಿಗೆಯಲ್ಲಿ ಮೇಸ್ತ್ರಿ ಹೇಳದೆ ಕೇಳದೆ ಬಿಟ್ಟುಹೋದಾಗ ಸ್ಟೇಟರ್ (ಮೋಟರಿನಲ್ಲಿ ತಂತಿ ಸುತ್ತುವ, ತಿರುಗದ ಭಾಗ) ಮುಂದೆ ಕೂತೆ, ಇನ್ನೂ ಎದ್ದಿಲ್ಲ. ಈವರೆಗೆ ಏಳು ಜನ ಹೆಣ್ಣುಮಕ್ಕಳು ನನ್ನ ಹತ್ತಿರ ಕಲಿತಿದ್ದಾರೆ. ನಾಲ್ವರು ಇದೇ ಕೆಲಸದಲ್ಲಿದ್ದಾರೆ, ಮೂವರು ಬಿಟ್ಟರು. ಇಲ್ಲಿ ಬರೆಯುತ್ತಿರುವ ಹೆಚ್ಚಿನ ಮಾತು ಆ ಮೂವರು ಬಿಟ್ಟದ್ದರಿಂದ ನನಗೆ ಗೊತ್ತಾದದ್ದು. ನೀವು ಸ್ತ್ರೀಶಕ್ತಿ ಸಂಘ ನಡೆಸುವವರೋ, ವೈಂಡಿಂಗ್ ಅಂಗಡಿ ಇಟ್ಟವರೋ, ಮಗಳಿಗೋ ಸೊಸೆಗೋ ಒಂದು ಕಸುಬು ಕಲಿಸಬೇಕೆಂದಿರುವವರೋ ಆಗಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಮೋಟರ್ ಎಣಿಸಿ

ಕಲಿಯುವವರ ಹೆಸರು ಬರೆದುಕೊಳ್ಳುವ ಮುಂಚೆ ನಿಮ್ಮ ಹೋಬಳಿಯಲ್ಲಿ ಬೇಸಿಗೆಗೆ ಎಷ್ಟು ಮೋಟರ್ ಸುಡುತ್ತವೆ, ಅವು ಎಲ್ಲಿಗೆ ಹೋಗುತ್ತವೆ ಅಂತ ವಿಚಾರಿಸಿ. ಸಂಘದ ಇಪ್ಪತ್ತು ಮನೆಗಳಲ್ಲಿ ಕೇಳಿದರೂ ಒಂದು ಅಂದಾಜು ಸಿಗುತ್ತದೆ. ಮೂರು ಫೇಸ್‌ನಲ್ಲಿ ಒಂದು ಹೋಗಿ ಮೋಟರ್ ಓಡುತ್ತಲೇ ಇದ್ದರೆ, ವೋಲ್ಟೇಜ್ ಬಿದ್ದರೆ, ಬೋರಿನಲ್ಲಿ ನೀರು ಕೆಳಗಿಳಿದು ಪಂಪು ಒಣಗಿ ತಿರುಗಿದರೆ ಕಾಯಿಲ್ (ಒಳಗಿನ ತಂತಿಯ ಸುರುಳಿ) ಕರಕಲಾಗುತ್ತದೆ. ಇದೆಲ್ಲ ಜಾಸ್ತಿ ಆಗುವುದು ಫೆಬ್ರುವರಿಯಿಂದ ಮೇವರೆಗೆ. ಆ ನಾಲ್ಕು ತಿಂಗಳು ನಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ.

ಅದಕ್ಕೇ ಕಲಿಕೆಯನ್ನು ಶ್ರಾವಣದಲ್ಲಿ ಶುರು ಮಾಡಿ. ಮಳೆಗಾಲದಲ್ಲಿ ಅಂಗಡಿ ಖಾಲಿ, ಹೇಳಿಕೊಡುವವರಿಗೂ ತಾಳ್ಮೆ ಇರುತ್ತದೆ. ಆರು ತಿಂಗಳು ಕೈ ಪಳಗಿದರೆ ಸೀಸನ್‌ಗೆ ಸಂಬಳದ ಕೆಲಸ ಸಿದ್ಧವಾಗಿರುತ್ತದೆ. ನಾನು ಮೊದಲನೆಯವಳನ್ನು ಮಾರ್ಚ್‌ನಲ್ಲಿ ಸೇರಿಸಿಕೊಂಡೆ. ಪಾಪ, ಎರಡು ತಿಂಗಳು ಸುಟ್ಟ ತಂತಿ ಕತ್ತರಿಸಿದ್ದು ಬಿಟ್ಟು ಅವಳಿಗೆ ಏನೂ ಕಲಿಸಲಾಗಲಿಲ್ಲ. ಜೂನ್‌ನಲ್ಲಿ ಬಿಟ್ಟಳು. ತಪ್ಪು ನನ್ನದೇ.

ಎಲ್ಲಿ ಕಲಿಯಬಹುದು

ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್ ಇದೆ. ವಯಸ್ಸು, ಅನುಕೂಲ ಇದ್ದರೆ ಅದೇ ಒಳ್ಳೆಯದು, ಮುಂದೆ ಬೇರೆ ದಾರಿಗಳೂ ತೆರೆಯುತ್ತವೆ. ಮದುವೆಯಾಗಿ ಮಕ್ಕಳಾದವರಿಗೆ ಎರಡು ವರ್ಷ ಬಿಡುವು ಎಲ್ಲಿಂದ ಬರಬೇಕು? ಅಂಥವರಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಅನುಕೂಲ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಬ್ಯಾಂಕುಗಳ ಜೊತೆ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಮಾದರಿಯೇ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ಹೋಯಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಅವರ ಪಟ್ಟಿಯಲ್ಲಿ ಮೋಟರ್ ರಿವೈಂಡಿಂಗ್ ಮತ್ತು ರಿಪೇರಿಗೆ 30 ದಿನದ ಕೋರ್ಸೇ ಇದೆ. ಎಲ್ಲ ಕೋರ್ಸೂ ಎಲ್ಲ ಕಾಲಕ್ಕೂ ನಡೆಯುವುದಿಲ್ಲ, ಹೆಂಗಸರು ಹೋಗಿ ಕೇಳಿದರೆ ಟೈಲರಿಂಗ್, ಬ್ಯೂಟಿ ಪಾರ್ಲರ್ ಫಾರಂ ಕೈಗೆ ಬರುವುದೂ ಉಂಟು. ಒಬ್ಬೊಬ್ಬರೇ ಹೋಗಬೇಡಿ. ನಾಲ್ಕಾರು ಸಂಘ ಸೇರಿ, ಒಂದು ಬ್ಯಾಚ್‌ಗೆ ಆಗುವಷ್ಟು ಹೆಸರು ಹಿಡಿದು, ‘ನಮಗೆ ಮೋಟರ್ ವೈಂಡಿಂಗೇ ಬೇಕು’ ಅಂತ ಬರೆದುಕೊಡಿ.

ಮೂವತ್ತು ದಿನದಲ್ಲಿ ಯಾರೂ ಮೇಸ್ತ್ರಿ ಆಗುವುದಿಲ್ಲ. ಭಯ ಹೋಗುತ್ತದೆ, ಹತಾರಗಳ ಹೆಸರು ಬರುತ್ತದೆ, ಅಷ್ಟೇ. ನಿಜವಾದ ಕಲಿಕೆ ಅಂಗಡಿಯಲ್ಲಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಹಳ್ಳಿಯಿಂದ ದಿನಾ ಬಂದುಹೋಗುವ ಖರ್ಚು ತಪ್ಪಿದೆ. ನನ್ನ ಹತ್ತಿರ ಕಲಿತ ಕೊನೆಯ ಮೂವರೂ ಹಾಗೆ ಬಸ್ಸಲ್ಲಿ ಬಂದವರೇ.

ಕನೆಕ್ಷನ್ ಕಲಿಸಿ

ಕನೆಕ್ಷನ್ ಅಂದರೆ ತುಂಬಿದ ಕಾಯಿಲ್‌ಗಳ ತುದಿಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವುದು. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ನನ್ನ ಪ್ರಕಾರ ಎಲ್ಲ ನಿಂತಿರುವುದು ಇದರ ಮೇಲೆ.

‘ಹೆಂಗಸರ ಬೆರಳು ಸಣ್ಣ, ಕಾಯಿಲ್ ತುಂಬೋಕೆ ಹೇಳಿ ಮಾಡಿಸಿದ್ದು’ ಅಂತ ಹೊಗಳುವ ಮಾಲೀಕರಿದ್ದಾರೆ. ಆ ಹೊಗಳಿಕೆ ನಂಬಬೇಡಿ. ಬಿಟ್ಟುಹೋದ ಎರಡನೆಯವಳನ್ನು ನಾನು ಬೇರೆ ಊರಿನ ದೊಡ್ಡ ಅಂಗಡಿಯೊಂದಕ್ಕೆ ಸೇರಿಸಿದ್ದೆ. ಒಂದೂವರೆ ವರ್ಷ ಸ್ಲಾಟ್‌ಗೆ (ಸ್ಟೇಟರಿನಲ್ಲಿ ತಂತಿ ಕೂರುವ ಸೀಳಿಗೆ) ಪೇಪರ್ ಹಾಕುವುದು, ಕಾಯಿಲ್ ತುಂಬುವುದು, ಟೀ ತರುವುದು. ಕನೆಕ್ಷನ್ ಕೊಡುವ ಹೊತ್ತಿಗೆ ಸರಿಯಾಗಿ ಅವಳನ್ನು ಗುಜರಿ ತಾಮ್ರ ತೂಗಲು ಕಳಿಸುತ್ತಿದ್ದರಂತೆ. ಕಾಯಿಲ್ ತುಂಬುವವರಿಗೆ ಕೂಲಿ, ಕನೆಕ್ಷನ್ ಮತ್ತು ಟೆಸ್ಟಿಂಗ್ ಗೊತ್ತಿರುವವರಿಗೆ ಮೇಸ್ತ್ರಿ ಸಂಬಳ. ಅವಳು ಬೇಸತ್ತು ಬಿಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಾಗಾಗಿ ನಾನು ಮೊದಲ ವಾರವೇ ಕನೆಕ್ಷನ್ ಹಿಡಿಸುತ್ತೇನೆ. ಒಂದು ರಟ್ಟಿನ ಮೇಲೆ ದುಂಡಗೆ 36 ಸ್ಲಾಟ್ ಬರೆದು ತೂತು ಮಾಡಿ, ಕೆಂಪು, ಹಳದಿ, ನೀಲಿ ದಾರ ಕೊಡುತ್ತೇನೆ. 4 ಪೋಲ್ (ಕಾಂತದ ಧ್ರುವ) ಮೋಟರ್ ಅಂದರೆ ಒಂದು ಪೋಲ್‌ಗೆ 9 ಸ್ಲಾಟ್, ಅದರಲ್ಲಿ ಒಂದೊಂದು ಫೇಸ್‌ಗೆ 3. ಒಂದು ಫೇಸ್‌ಗೂ ಇನ್ನೊಂದು ಫೇಸ್‌ಗೂ ಪೋಲ್‌ನ ಮೂರರಲ್ಲಿ ಎರಡು ಪಾಲು ಅಂತರ, ಅಂದರೆ ಆರು ಸ್ಲಾಟ್. ಕೆಂಪು 1ರಲ್ಲಿ ಶುರುವಾದರೆ ಹಳದಿ 7ರಲ್ಲಿ, ನೀಲಿ 13ರಲ್ಲಿ. ಆಮೇಲೆ ಒಂದೇ ಫೇಸ್‌ನ ಗುಂಪುಗಳನ್ನು ಜೋಡಿಸುವುದು: ಕೊನೆಗೆ ಕೊನೆ, ಮೊದಲಿಗೆ ಮೊದಲು. ಇದನ್ನು ದಾರದಲ್ಲಿ ಹತ್ತು ಸಲ ಹೊಲಿದು ಬಿಚ್ಚಿದವರಿಗೆ ತಂತಿಯಲ್ಲಿ ಗಾಬರಿ ಇರುವುದಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳೊಬ್ಬಳು ನಾಲ್ಕು ದಿನದಲ್ಲಿ ಹಿಡಿದಳು.

ಕರೆಂಟ್ ಮುಟ್ಟುವ ಮುಂಚೆಯೇ ತಪ್ಪು ಹುಡುಕುವುದನ್ನು ಕಲಿಸಬಹುದು. ಸುತ್ತಿದ ಸ್ಟೇಟರ್‌ನ ಒಂದು ಫೇಸ್‌ಗೆ 6 ವೋಲ್ಟ್ ಬ್ಯಾಟರಿ ಕೊಟ್ಟು, ಒಳಗೆ ಸುತ್ತಲೂ ಒಂದು ದಿಕ್ಸೂಚಿ ಆಡಿಸಿ. ಮುಳ್ಳು ಪೋಲಿನಿಂದ ಪೋಲಿಗೆ ಉತ್ತರ, ದಕ್ಷಿಣ ಅಂತ ಮಗುಚುತ್ತ ಹೋಗಬೇಕು. ಒಂದು ಗುಂಪು ಉಲ್ಟಾ ಆಗಿದ್ದರೆ ಅಲ್ಲಿ ಮುಳ್ಳು ಲಯ ತಪ್ಪುತ್ತದೆ. ನಾನೇ ಬೇಕೆಂದು ಒಂದು ಗುಂಪು ಉಲ್ಟಾ ಜೋಡಿಸಿಟ್ಟು, ಹುಡುಕಿ ಎನ್ನುತ್ತೇನೆ. ಇಂಥದ್ದನ್ನು ನೋಡದೆ 415 ವೋಲ್ಟ್ ಕೊಟ್ಟರೆ ಮೋಟರ್ ಗೂಂ ಎಂದು ಗುಡುಗಿ ಬಿಸಿಯಾಗುತ್ತದೆ, ಮಾಡಿದ ಕೆಲಸವೆಲ್ಲ ಹಾಳು.

ಅಭ್ಯಾಸಕ್ಕೆ ಹೊಸ ತಾಮ್ರ ಬೇಡ. ಹಳೇ ಸೀಲಿಂಗ್ ಫ್ಯಾನ್, ಮಿಕ್ಸಿ, ಒಂದು ಎಚ್‌ಪಿ ಮೋಟರ್ ಗುಜರಿಯಲ್ಲಿ ಸಿಗುತ್ತವೆ. ಕೆಟ್ಟ ತಂತಿ ಮತ್ತೆ ಗುಜರಿಗೆ ಹಾಕಿದರೆ ಅರ್ಧ ದುಡ್ಡು ವಾಪಸು ಬರುತ್ತದೆ. ಸಬ್‌ಮರ್ಸಿಬಲ್ (ನೀರಿನಲ್ಲಿ ಮುಳುಗಿ ಓಡುವ) ಮೋಟರನ್ನು ಕೊನೆಗೆ ಕಲಿಸಿ. ಅದರಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಸ್ಲಾಟಿನೊಳಗೆ ಒಂದೊಂದೇ ಸುತ್ತು ಎಳೆಯಬೇಕು, ಕೊನೆಗೆ ನೀರಿನಲ್ಲಿ ಮುಳುಗಿಸಿಟ್ಟು ಮೆಗ್ಗರ್ (ಕರೆಂಟ್ ಸೋರುತ್ತದೆಯೇ ಅಂತ ನೋಡುವ ಮೀಟರ್) ಹಿಡಿಯಬೇಕು. ಹೊದಿಕೆಗೆ ಒಂದು ಗೀರು ಬಿದ್ದಿದ್ದರೂ ಅಲ್ಲಿ ಗೊತ್ತಾಗುತ್ತದೆ.

ಭಾರ ಎತ್ತುವ ಮಾತು ಬಂದೇ ಬರುತ್ತದೆ. ಏಳೂವರೆ ಎಚ್‌ಪಿ ಮೋಟರನ್ನು ಒಬ್ಬ ಗಂಡಸೂ ಎತ್ತಬಾರದು. ತೊಲೆಗೆ ಒಂದು ಚೈನ್ ಪುಲ್ಲಿ ತೂಗುಹಾಕಿ, ಎಲ್ಲರ ಸೊಂಟವೂ ಉಳಿಯುತ್ತದೆ. ಸೆರಗು, ದುಪಟ್ಟಾ ಒಳಗೆ ಸಿಕ್ಕಿಸಿ ಮೇಲೆ ಕಾಟನ್ ಕೋಟು, ಕೈಗೆ ಬಳೆ ಬೇಡ. ಟೆಸ್ಟಿಂಗ್ ಟೇಬಲ್ ಹತ್ತಿರ ಒಬ್ಬರೇ ಇರಬಾರದು. ಈ ಮೂರಕ್ಕೆ ನಮ್ಮಲ್ಲಿ ವಿನಾಯಿತಿ ಇಲ್ಲ.

ಇಬ್ಬರನ್ನು ಒಟ್ಟಿಗೆ ಸೇರಿಸಿ

ಒಬ್ಬಳನ್ನೇ ಯಾವ ಅಂಗಡಿಗೂ ಕಳಿಸಬೇಡಿ. ಇಬ್ಬರಿದ್ದರೆ ಬಸ್ಸಿಗೆ ಜೊತೆ, ಒಬ್ಬಳಿಗೆ ಜ್ವರ ಬಂದರೆ ಕೆಲಸ ನಿಲ್ಲುವುದಿಲ್ಲ, ಯಾರಾದರೂ ಕೊಂಕು ಮಾತಾಡಿದರೆ ಕೇಳಿಸಿಕೊಂಡ ಇನ್ನೊಂದು ಕಿವಿ ಇರುತ್ತದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಅಂಗಡಿಯಲ್ಲಿ ಲೈಂಗಿಕ ಕಿರುಕುಳವಾದರೆ, ಅದನ್ನು ತಡೆಯುವ 2013ರ ಕಾಯ್ದೆ ಪ್ರಕಾರ ಜಿಲ್ಲೆಯ ಸ್ಥಳೀಯ ದೂರು ಸಮಿತಿಗೆ ಬರೆದುಕೊಡಬಹುದು. ತುರ್ತಿಗೆ 181 ಮಹಿಳಾ ಸಹಾಯವಾಣಿ. ಸೇರುವ ದಿನವೇ ಇಬ್ಬರಿಗೂ ಇದನ್ನು ಹೇಳಿ, ಮಾಲೀಕರ ಎದುರಿಗೇ ಹೇಳಿ.

ಶೌಚಾಲಯ. ನಮ್ಮ ಸಾಲಿನ ಅಂಗಡಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಮೂರನೆಯವಳು ಬೆಳಗಿನಿಂದ ನೀರೇ ಕುಡಿಯದೆ ಕೂತಿರುತ್ತಿದ್ದಳು, ತಿಂಗಳಲ್ಲಿ ನಾಲ್ಕು ದಿನ ಬರುತ್ತಲೇ ಇರಲಿಲ್ಲ. ನಾನು ಸೋಮಾರಿತನ ಅಂದುಕೊಂಡಿದ್ದೆ. ಅವಳು ಬಿಟ್ಟ ಮೇಲೆ ಅವಳ ಅಕ್ಕ ಹೇಳಿದ್ದಕ್ಕೆ ಗೊತ್ತಾಯಿತು. ಆ ವರ್ಷವೇ ಹಿಂದುಗಡೆ ಒಂದು ಕಟ್ಟಿಸಿದೆ, ಒಳಗಿನಿಂದ ಚಿಲಕ, ಒಂದು ಡಬ್ಬಿ, ನೀರು. ಅದಕ್ಕೆ ಮುಂಚೆ ಕಟ್ಟಿಸಬೇಕಿತ್ತು.

ಬೇಸಿಗೆಯ ಮಕ್ಕಳು

ನಮ್ಮ ಸೀಸನ್ನೂ ಶಾಲೆಯ ಬೇಸಿಗೆ ರಜೆಯೂ ಒಂದೇ ಕಾಲಕ್ಕೆ ಬೀಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ದುಡಿಮೆ ಜಾಸ್ತಿ, ಅದೇ ಹೊತ್ತಿಗೆ ಮಕ್ಕಳು ಮನೆಯಲ್ಲಿ. ಸಂಘ ನಿಜವಾಗಿ ಹೆಗಲು ಕೊಡಬೇಕಾದ್ದು ಆಗ. ನಮ್ಮ ಕಡೆಯ ಒಂದು ಸಂಘದವರು ದಿನಕ್ಕೆ ಇಬ್ಬರು ಸದಸ್ಯೆಯರಂತೆ ಸರದಿ ಹಾಕಿಕೊಂಡು, ಸಮುದಾಯ ಭವನದಲ್ಲಿ ಮಕ್ಕಳನ್ನು ನೋಡಿಕೊಂಡರು. ದುಡಿಯುವ ತಾಯಿ ಒಂದು ಮಗುವಿಗೆ ದಿನಕ್ಕೆ ಇಪ್ಪತ್ತು ರೂಪಾಯಿ ಕೊಡುತ್ತಿದ್ದಳು, ಅನ್ನ ಸಾರಿಗೆ ಆಗುತ್ತಿತ್ತು. ಸಾಲ ಕೊಡಿಸುವುದಕ್ಕಿಂತ ಇದರಿಂದ ಆದ ಸಹಾಯ ದೊಡ್ಡದು ಅಂತ ನನ್ನ ಅನುಭವ.

ಮನೆಯವರನ್ನು ಒಪ್ಪಿಸಲು ಭಾಷಣ ಮಾಡಬೇಡಿ. ಅತ್ತೆಯನ್ನು ಅಂಗಡಿಗೆ ಕರೆದು ಒಂದು ಮಧ್ಯಾಹ್ನ ಕೂರಿಸಿ. ಒಬ್ಬರು ಅಜ್ಜಿ ಬಂದು ‘ಗಂಡಸ್ರು ಬಂದ್ ಹೋಗೋ ಜಾಗ ಕಣವ್ವ, ಊರೋರು ಏನಂದಾರು’ ಅಂತಲೇ ಒಳಗೆ ಕಾಲಿಟ್ಟರು. ಬೀದಿಗೆ ಕಾಣುವ ಹಾಗೆ ತೆರೆದ ಬಾಗಿಲು, ಕೆಲಸದಲ್ಲಿ ಮುಳುಗಿದ ನಾಲ್ಕು ಜನ, ಸಂಜೆ ನಾಲ್ಕೂವರೆಗೆ ಬಸ್ಸಿಗೆ ಎದ್ದು ಹೊರಟ ಹುಡುಗಿಯರು, ಇಷ್ಟನ್ನು ನೋಡಿದರು. ಹೋಗುವಾಗ ‘ನಮ್ಮ ಮೋಟ್ರೂ ಒಂದ್ ಬಿದ್ದದೆ, ಕಳಿಸ್ತೀನಿ’ ಅಂದರು. ಬೆಂಗಳೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ 1960ರ ದಶಕದಲ್ಲೇ ಹೆಣ್ಣುಮಕ್ಕಳು ಕೈಗಡಿಯಾರ ಜೋಡಿಸುತ್ತಿದ್ದರು ಅನ್ನುವುದು ಅವರಿಗೆ ಗೊತ್ತಿತ್ತು, ಅವರ ನಾದಿನಿಯ ಮಗಳೇ ಅಲ್ಲಿದ್ದಳಂತೆ.

ಹತಾರ, ಮೊದಲ ಗಿರಾಕಿ, ಸಾಲ

ಕಲಿಯುವಾಗಲೇ ದಿನಕ್ಕೆ ಇಷ್ಟು ಅಂತ ಕೈಗೆ ಕೊಡಿ. ನಾನು 200 ರೂಪಾಯಿಯಿಂದ ಶುರು ಮಾಡುತ್ತೇನೆ. ಬರಿಗೈಯಲ್ಲಿ ಮನೆಗೆ ಹೋಗುವವಳನ್ನು ಮೂರನೇ ವಾರ ಯಾರೂ ಕಳಿಸುವುದಿಲ್ಲ. ಪ್ಲಯರ್, ಕತ್ತರಿ, ಸ್ಕ್ರೂಡ್ರೈವರ್, ಬಿದಿರಿನ ಪಟ್ಟಿ, ತಂತಿಯ ಗೇಜ್ (ದಪ್ಪ) ಅಳೆಯುವ ಮೈಕ್ರೋಮೀಟರ್ ಅವಳ ಸ್ವಂತದ್ದಾಗಿರಲಿ. ಮೆಗ್ಗರ್ ಮತ್ತು ಟಾಂಗ್ ಟೆಸ್ಟರ್ (ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ ಮೀಟರ್) ದುಬಾರಿ, ಅವನ್ನು ಸಂಘ ಕೊಂಡು ಇಬ್ಬರಿಗೆ ಕೊಡಬಹುದು.

ಮೊದಲ ಹತ್ತು ಮೋಟರ್ ಸಂಘದ ಮನೆಗಳಿಂದಲೇ ಬರಲಿ. ಮತ್ತೆ ಸುಟ್ಟರೆ ತಂತಿಯ ಖರ್ಚನ್ನು ಸಂಘ ಹೊರುತ್ತದೆ ಅಂತ ಮೊದಲೇ ಮಾತಾಗಿರಲಿ. ನಮ್ಮಲ್ಲಿ ಹತ್ತರಲ್ಲಿ ಒಂದು ವಾಪಸು ಬಂತು, ಅದೂ ಕೇಬಲ್ ಜಾಯಿಂಟ್‌ನಿಂದ. ಬಿಲ್ಲಿನ ಮೇಲೆ ಮೋಟರ್ ಕಟ್ಟಿದವಳ ಹೆಸರು ಬರೆಯಿರಿ. ಈಗ ರೈತರು ಬಂದರೆ ‘ಹೋದ್ ಸಲ ಕಟ್ಟಿದ್ ಆಯಮ್ಮನ ಕೈಲೇ ಕಟ್ಸಿ’ ಅನ್ನುತ್ತಾರೆ.

ಸ್ವಂತ ಅಂಗಡಿ ಇಡುವವರಿಗೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಸಾಲದಲ್ಲಿ ಹಳ್ಳಿಯ ಮಹಿಳೆಯರಿಗೆ ಯೋಜನಾ ವೆಚ್ಚದ ಶೇ 35 ಸಹಾಯಧನ, ಸ್ವಂತ ಪಾಲು ಶೇ 5. ಬ್ಯಾಂಕಿನವರು ಅಳತೆ ಕೇಳುತ್ತಾರೆ: ತಿಂಗಳಿಗೆ ಎಷ್ಟು ಮೋಟರ್, ಎಷ್ಟು ಕೆಜಿ ತಂತಿ. ಶುರುವಿನಲ್ಲಿ ಎಣಿಸಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಅದರ 18 ಕಸುಬುಗಳಲ್ಲಿ ವೈಂಡಿಂಗ್ ಇಲ್ಲ.

ಕೊನೆಗೆ ಒಂದು ಮಾತು ಅಂಗಡಿಯವರಿಗೆ. ನಮ್ಮೆಲ್ಲರ ಹತ್ತಿರ ಒಂದು ಡೇಟಾ ಪುಸ್ತಕ ಇರುತ್ತದೆ: ಯಾವ ಕಂಪನಿಯ ಯಾವ ಮೋಟರ್‌ಗೆ ಎಷ್ಟು ಸುತ್ತು, ಯಾವ ಗೇಜ್, ಎಷ್ಟು ಪಿಚ್ (ಕಾಯಿಲಿನ ಎರಡು ಬದಿಗಳ ನಡುವೆ ಎಷ್ಟು ಸ್ಲಾಟ್ ಅಂತರ). ಅದನ್ನು ಬೀಗ ಹಾಕಿ ಇಡುತ್ತೇವೆ, ಹೊಸಬರಿಗೆ ತೋರಿಸುವುದಿಲ್ಲ. ಹಿಂದಿನ ರಿಪೇರಿಯವರು ತಪ್ಪು ಗೇಜ್ ಹಾಕಿಹೋದ ಮೋಟರ್ ಬಂದಾಗ ಆ ಪುಸ್ತಕ ಇಲ್ಲದವರು ಕುರುಡರು. ನನ್ನ ಹತ್ತಿರ ಕಲಿತವಳೊಬ್ಬಳು ಹೋದ ವರ್ಷ ಎಂಟು ಕಿಲೋಮೀಟರ್ ದೂರದಲ್ಲಿ ಅಂಗಡಿ ಇಟ್ಟಳು. ‘ಅಕ್ಕ, ನಿಮ್ಮ ಗಿರಾಕಿ ನನ್ನ ಕಡೆ ಬಂದಾರು’ ಅಂತ ಅಳುಕಿದಳು. ಬರಲಿ ಅಂದೆ. ಮೂರು ಭಾನುವಾರ ಕೂತು ಪುಸ್ತಕವನ್ನು ಇಬ್ಬರೂ ಸೇರಿ ನಕಲು ಮಾಡಿದೆವು, ಮಾವನ ಕೈಬರಹದ ಹಳೇ ಪುಟಗಳನ್ನೂ ಬಿಡದೆ. ಈಗ ಅವಳು ಹೊಸ ಮೋಟರಿನ ಲೆಕ್ಕ ಸಿಕ್ಕಿದಾಗೆಲ್ಲ ಫೋನ್ ಮಾಡಿ ನನಗೆ ಬರೆಸುತ್ತಾಳೆ.